ತಂತಿವಾದ್ಯಗಳ ಸುಧಾರಣೆ: ಕಿನ್ನರಿಯಿಂದ ವಿದ್ಯುತ್ ಗಿಟಾರಿನವರೆಗೆ

ವಾದ್ಯಕ್ಕೆ ಬೆಲೆಯಿಂದ ಬರುವ ಘನತೆ ಬೇರೆ, ನಾದದಿಂದ ಬರುವ ಘನತೆ ಬೇರೆ. ಇವೆರಡನ್ನೂ ಒಂದೆಂದು ಬಗೆಯುವುದರಿಂದ ಅನೇಕ ಮನೆಗಳಲ್ಲಿ ವೃಥಾ ವ್ಯಯವೂ, ಅದಕ್ಕಿಂತ ಹೆಚ್ಚಾಗಿ ವೃಥಾ ನಿರಾಶೆಯೂ ಉಂಟಾಗುತ್ತಿವೆ. ಈಚಿನ ದಿನಗಳಲ್ಲಿ ಪಟ್ಟಣದ ಬಾಲಕರಂತೆಯೇ ಹಳ್ಳಿಯ ಬಾಲಕರೂ ವಿದ್ಯುತ್ ಗಿಟಾರನ್ನು ಬಯಸುತ್ತಿರುವರು. ಹಿರಿಯರು ಇದಕ್ಕೆ ಎರಡು ಆಕ್ಷೇಪಗಳನ್ನು ಹೇಳುವುದುಂಟು. ಅದು ಪರದೇಶದ ವಾದ್ಯವಾದುದರಿಂದ ನಮ್ಮ ಮನೆಗೆ ಸಲ್ಲದು ಎಂಬುದು ಮೊದಲನೆಯದು. ಅಗ್ಗದ್ದು ಕೆಲಸಕ್ಕೆ ಬಾರದು, ಒಳ್ಳೆಯದು ಕೈಗೆಟುಕದು ಎಂಬುದು ಎರಡನೆಯದು. ಎರಡೂ ಮೇಲ್ನೋಟಕ್ಕೆ ಸಮಂಜಸವಾಗಿಯೇ ತೋರುವುವು. ಆದರೆ ತಂತಿವಾದ್ಯಗಳ ಚರಿತ್ರೆಯನ್ನು ಮೊದಲಿನಿಂದ ನೋಡಿದವರಿಗೆ ಇವೆರಡೂ ನಿಲ್ಲತಕ್ಕ ಮಾತುಗಳಲ್ಲವೆಂದು ಗೊತ್ತಾಗುವುದು.

ಹಾವೇರಿ ಜಿಲ್ಲೆಯ ಹಿರೇಕೆರೂರಿನ ಸೀಮೆಯಲ್ಲಿರುವ ಅಬಲೂರನ್ನೇ ಈ ವಿಚಾರಕ್ಕೆ ನೆಲೆಯಾಗಿ ಇಟ್ಟುಕೊಳ್ಳಬಹುದು. ಈ ಊರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಸುಮಾರು ೧೨೦೦ನೆಯ ಇಸವಿಯ ಶಾಸನವಿರುವುದು ಇತಿಹಾಸಜ್ಞರಿಗೆಲ್ಲ ತಿಳಿದಿರುವ ಸಂಗತಿ. ತ್ರಿಪದಿಯ ಸರ್ವಜ್ಞನು ಹುಟ್ಟಿದ್ದು ಇಲ್ಲಿಯೇ ಎಂಬ ಪ್ರತೀತಿಯೂ ಉಂಟು. ರಾಮಯ್ಯನ ಕಾಲದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನೆಂಬವನು ಒಬ್ಬನು. ಅವನ ಹೆಸರಿನಲ್ಲಿಯೇ ಅವನ ವಾದ್ಯ ಸೇರಿಕೊಂಡಿದೆ. ಅರಸರ ಓಲಗದಲ್ಲಿ ಮೆರೆಯುವ ವೀಣೆಗಳು ಆಗಲೂ ಇದ್ದುವು. ಆದರೆ ಭಕ್ತನ ಹೆಸರಿಗೆ ಹೊಂದಿಕೊಂಡುದು ಕಿನ್ನರಿ. ಒಂದು ದಂಡ, ಎರಡು ಮೂರು ಸೋರೆಬುರುಡೆ, ತಂತಿ, ಸ್ವರಸ್ಥಾನಗಳನ್ನು ತೋರಿಸುವ ಸಾರಿಕೆಗಳು: ಇಷ್ಟೇ ಅದರ ಸಂಪತ್ತು. ಬಡವನ ವಾದ್ಯವು ಹೀನವಾದ್ಯವಲ್ಲವೆಂಬುದಕ್ಕೆ ಈ ನಾಡಿನಲ್ಲಿ ಇದಕ್ಕಿಂತ ಹಳೆಯ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಅರಸನಾದ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಈ ಕಿನ್ನರಿಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಸಿಂಘಣನ ಆಳ್ವಿಕೆಯು ಬನವಾಸಿಯ ಸೀಮೆಯವರೆಗೂ ಹಬ್ಬಿದ್ದಿತು. ಆದುದರಿಂದ ಆ ಗ್ರಂಥವು ಅಬಲೂರಿಗೆ ಪರಕೀಯವಲ್ಲ. ಅದರಲ್ಲಿ ಲಘ್ವೀ, ಬೃಹತೀ ಎಂದು ಕಿನ್ನರಿಯ ಭೇದಗಳನ್ನು ಹೇಳಿ, ಸಾರಿಕೆಗಳನ್ನು ಹದ್ದಿನ ಎಲುಬಿನಿಂದಾಗಲಿ ಲೋಹದಿಂದಾಗಲಿ ಮಾಡಿ, ಸುಟ್ಟ ಬಟ್ಟೆಯ ಮಸಿಯನ್ನು ಬೆರೆಸಿದ ಮೇಣದಿಂದ ದಂಡಕ್ಕೆ ಕೂಡಿಸಬೇಕೆಂದು ವಿಧಿಸಲಾಗಿದೆ. ವಾಚಕರು ಇಲ್ಲಿ ಮೇಣವನ್ನು ಗಮನಿಸತಕ್ಕದ್ದು. ಮೇಣದಿಂದ ಕೂಡಿಸಿದುದನ್ನು ಬಿಡಿಸಬಹುದು, ಸರಿಸಬಹುದು, ಮತ್ತೆ ಕೂಡಿಸಬಹುದು. ವಾದ್ಯವು ಒಮ್ಮೆ ಮಾಡಿ ಮುಗಿಸುವ ವಸ್ತುವಲ್ಲ, ಬಾರಿಸುವವನ ಕಿವಿಗೆ ತಕ್ಕಂತೆ ಮೇಲಿಂದ ಮೇಲೆ ತಿದ್ದಿಕೊಳ್ಳತಕ್ಕ ವಸ್ತು ಎಂಬ ತತ್ತ್ವವು ಅದರ ನಿರ್ಮಾಣದಲ್ಲಿಯೇ ಅಡಗಿದೆ. ಇಂದಿಗೂ ವೀಣೆಯ ಇಪ್ಪತ್ತನಾಲ್ಕು ಮೆಟ್ಟುಗಳು ಮೇಣದ ಮೇಲೆಯೇ ನಿಂತಿವೆ. ಮೇಣವು ಹಳತಾಗಿ ಮೆಟ್ಟುಗಳು ಕದಲಿದಾಗ ಮತ್ತೆ ಮೇಳ ಕಟ್ಟಿಸಬೇಕೇ ಹೊರತು ವೀಣೆಯನ್ನು ಅಟ್ಟಕ್ಕೆ ಹಾಕುವವರಿಲ್ಲ.

ಮುಂದೆ ೧೫೫೦ರಲ್ಲಿ ವಿಜಯನಗರದ ರಾಮರಾಜನ ಪ್ರೇರಣೆಯಿಂದ ರಾಮಾಮಾತ್ಯನು ಸ್ವರಮೇಳಕಲಾನಿಧಿಯನ್ನು ರಚಿಸಿದನು. ಅವನ ಕಾಲಕ್ಕೆ ವೀಣೆಯ ಮೆಟ್ಟುಗಳ ವಿಷಯದಲ್ಲಿ ಎರಡು ಪದ್ಧತಿಗಳಿದ್ದುವು. ಒಂದು ರಾಗಕ್ಕೆ ಬೇಕಾದ ಸ್ವರಗಳಿಗೆ ಮಾತ್ರ ಮೆಟ್ಟುಗಳನ್ನಿಟ್ಟು, ರಾಗ ಬದಲಾದಾಗ ಅವುಗಳನ್ನು ಸರಿಸುವುದು ಏಕರಾಗಮೇಳ. ಎಲ್ಲ ಸ್ವರಗಳಿಗೂ ಒಮ್ಮೆಲೇ ಮೆಟ್ಟುಗಳನ್ನಿಟ್ಟುಬಿಡುವುದು ಸರ್ವರಾಗಮೇಳ. ಹದಿನೇಳನೆಯ ಶತಮಾನದ ಆದಿಯಲ್ಲಿ ತಂಜಾವೂರಿನ ರಘುನಾಥನಾಯಕನ ಕಾಲದಲ್ಲಿ ಎರಡನೆಯ ಪದ್ಧತಿಯೇ ಸ್ಥಿರಪಟ್ಟು ಇಂದಿನ ವೀಣೆಯ ರೂಪವು ನೆಲೆಗೊಂಡಿತು. ಗಿಟಾರು ಕೂಡ ಸರ್ವರಾಗಮೇಳದ ವಾದ್ಯವೇ. ಸ್ಥಾಯಿಯನ್ನು, ಎಂದರೆ ಷಡ್ಜದಿಂದ ಮೇಲಿನ ಷಡ್ಜದವರೆಗಿನ ಅವಕಾಶವನ್ನು, ಹನ್ನೆರಡು ಸಮಭಾಗ ಮಾಡಿ ಹನ್ನೆರಡು ಮೆಟ್ಟುಗಳನ್ನು ಅದರಲ್ಲಿ ಬಡಿದಿರುವರು.

ಯೂರೋಪಿನವರಿಗೂ ಈ ವಿಭಾಗವು ಒಂದೇ ದಿನದಲ್ಲಿ ಸಿದ್ಧಿಸಲಿಲ್ಲ. ಪ್ರಸಿದ್ಧ ಜ್ಯೋತಿರ್ವಿದ ಗೆಲಿಲಿಯೋನ ತಂದೆಯಾದ ವಿಂಚೆನ್ಸೋ ಗೆಲಿಲಿಯು ೧೫೮೧ರಲ್ಲಿ, ತಂತಿಯ ಉದ್ದದ ಹದಿನೆಂಟನೆಯ ಒಂದು ಭಾಗವನ್ನು ಬಿಟ್ಟು ಮೊದಲ ಮೆಟ್ಟನ್ನೂ, ಉಳಿದುದರ ಹದಿನೆಂಟನೆಯ ಒಂದು ಭಾಗವನ್ನು ಬಿಟ್ಟು ಎರಡನೆಯದನ್ನೂ, ಹೀಗೆಯೇ ಮುಂದಿನವನ್ನೂ ಇಡಬೇಕೆಂದು ಹೇಳಿದನು. ಶುದ್ಧವಾದ ಗಣಿತದಂತೆ ಆ ಭಾಜಕವು ೧೮ ಅಲ್ಲ, ೧೭.೮೧೭. ವ್ಯತ್ಯಾಸವು ಅತ್ಯಲ್ಪವೆಂದು ತೋರಬಹುದು. ಆದರೆ ೬೪೮ ಮಿಲಿಮೀಟರು ಉದ್ದದ ತಂತಿಗೆ ಹದಿನೆಂಟರ ಲೆಕ್ಕದಿಂದ ಮೆಟ್ಟುಗಳನ್ನಿಟ್ಟರೆ ಹನ್ನೆರಡನೆಯ ಮೆಟ್ಟು ಕುದುರೆಯಿಂದ ೩೨೪ ಮಿಲಿಮೀಟರು ದೂರದಲ್ಲಿ ಇರುವುದಕ್ಕೆ ಬದಲಾಗಿ ೩೨೬ಕ್ಕಿಂತಲೂ ಸ್ವಲ್ಪ ಹೆಚ್ಚು ದೂರದಲ್ಲಿ ನಿಲ್ಲುವುದು. ತಂತಿಯ ಎತ್ತರದಿಂದ ಆಗುವ ವ್ಯತ್ಯಾಸವು ಹಳೆಯ ವಾದ್ಯಗಳಲ್ಲಿ ಇದನ್ನು ಸ್ವಲ್ಪಮಟ್ಟಿಗೆ ಸರಿಹೊಂದಿಸುತ್ತಿದ್ದಿತು. ಹೇಗೂ ಎರಡು ಮಿಲಿಮೀಟರಿನಲ್ಲಿ ಸ್ವರವು ಕೆಡುವುದೆಂಬುದು ಮುಂದೆ ವಾದ್ಯವನ್ನು ಕೊಳ್ಳುವವರು ನೆನಪಿನಲ್ಲಿಡಬೇಕಾದ ಮಾತು.

ಇನ್ನು ವಿದ್ಯುತ್ತು ಈ ವಾದ್ಯವನ್ನು ಹೇಗೆ ಹೊಕ್ಕಿತೆಂಬುದನ್ನು ನೋಡಬೇಕು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪೂರ್ವ ಪಶ್ಚಿಮಗಳೆರಡರಲ್ಲಿಯೂ ತಂತಿವಾದ್ಯಗಾರರಿಗೆ ಒಂದೇ ಸಂಕಟವಿದ್ದಿತು. ಸಭೆಗಳು ದೊಡ್ಡವಾದುವು, ನಾದವು ಚಿಕ್ಕದಾಗಿಯೇ ಉಳಿಯಿತು. ಧ್ವನಿವರ್ಧಕಗಳಿಲ್ಲದ ಸಭೆಯಲ್ಲಿ ಹಿಂದಿನ ಸಾಲಿನವರಿಗೂ ಪಿಟೀಲು ಕೇಳಿಸಬೇಕೆಂದು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಪರದೇಶದಿಂದ ಬಂದ ವಾದ್ಯವನ್ನು ಕನ್ನಡ ನಾಡಿನ ವಿದ್ವಾಂಸರೊಬ್ಬರು ತಮ್ಮ ಅವಶ್ಯಕತೆಗೆ ತಕ್ಕಂತೆ ತಿದ್ದಿಕೊಂಡುದಕ್ಕೆ ಇದು ಉಜ್ವಲವಾದ ಉದಾಹರಣೆ. ಪಿಟೀಲನ್ನು ಪರಕೀಯವೆಂದು ಇಂದು ಯಾರೂ ಹೇಳುವುದಿಲ್ಲವಷ್ಟೆ. ಮೊದಲನೆಯ ಆಕ್ಷೇಪಕ್ಕೆ ಚೌಡಯ್ಯನವರ ಕಮಾನೇ ಉತ್ತರವನ್ನು ಕೊಟ್ಟಿದೆ.

ಅಮೇರಿಕೆಯವರು ಅದೇ ಸಂಕಟಕ್ಕೆ ಬೇರೊಂದು ಪರಿಹಾರವನ್ನು ಹುಡುಕಿದರು. ಅಯಸ್ಕಾಂತದ ಬಳಿಯಲ್ಲಿ ಲೋಹವು ಕದಲಿದರೆ ಸುತ್ತಲಿನ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬ ತತ್ತ್ವವನ್ನು ೧೮೩೧ರಲ್ಲಿ ಫ್ಯಾರಡೆಯು ತೋರಿಸಿದ್ದನು. ಜಾರ್ಜ್ ಬ್ಯೂಷಾಂ ಮತ್ತು ಅಡಾಲ್ಫ್ ರಿಕನ್‌ಬಾಕರ್ ಎಂಬವರು ೧೯೩೧ರಲ್ಲಿ ಈ ತತ್ತ್ವವನ್ನು ಗಿಟಾರಿಗೆ ಅನ್ವಯಿಸಿ, ಮರುವರ್ಷ ಅದನ್ನು ಮಾರಾಟಕ್ಕೆ ತಂದರು. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಂತಹ ತಾಮ್ರದ ತಂತಿಯ ಸಾವಿರಾರು ಸುತ್ತುಗಳು: ಇದಕ್ಕೆ ಪಿಕಪ್ ಎಂದು ಹೆಸರು. ತಂತಿಯ ಕಂಪನವು ಇದರಲ್ಲಿ ವಿದ್ಯುತ್ತಾಗಿ, ಆಂಪ್ಲಿಫೈಯರಿನಲ್ಲಿ ಬಲಗೊಂಡು, ಸ್ಪೀಕರಿನಲ್ಲಿ ಮತ್ತೆ ನಾದವಾಗುವುದು. ಬುರುಡೆಯು ಮಾಡುತ್ತಿದ್ದ ಕೆಲಸವನ್ನು ಯಂತ್ರವು ವಹಿಸಿಕೊಂಡ ಮೇಲೆ ವಾದ್ಯದ ಒಡಲು ಟೊಳ್ಳಾಗಿರಬೇಕೆಂಬ ನಿರ್ಬಂಧವೇ ಇಲ್ಲದಾಯಿತು.

ಈ ಕೊನೆಯ ಸಂಗತಿಯ ಪೂರ್ಣ ಪ್ರಯೋಜನವನ್ನು ಪಡೆದವನು ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನ ಲಿಯೋ ಫೆಂಡರ್. ಅವನು ರೇಡಿಯೋ ದುರಸ್ತಿಯ ಅಂಗಡಿಯವನು. ಗಿಟಾರು ಬಾರಿಸಲು ಬಲ್ಲವನೂ ಅಲ್ಲ. ಆದರೆ ಕೆಟ್ಟ ಯಂತ್ರವನ್ನು ಬಿಚ್ಚಿ ಸರಿಪಡಿಸುವವನ ದೃಷ್ಟಿ ಅವನಿಗಿದ್ದಿತು. ೧೯೫೦ರಲ್ಲಿ ಅವನು ಹೊರತಂದು, ೧೯೫೧ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರನ್ನು ಪಡೆದ ಗಿಟಾರಿನ ಒಡಲು ಒಂದು ಗಟ್ಟಿಯಾದ ಹಲಗೆ. ಕುತ್ತಿಗೆಯನ್ನು ಅಂಟಿನಿಂದಲ್ಲ, ನಾಲ್ಕು ಸ್ಕ್ರೂಗಳಿಂದ ಜೋಡಿಸಿದ್ದನು. ಒಂದು ಭಾಗವು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಶಾರ್ಙ್ಗದೇವನ ಮೇಣವು ಇಲ್ಲಿ ಸ್ಕ್ರೂ ಆಗಿ ಮರಳಿ ಬಂದಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಆ ಮಹಾವಾದ್ಯವಾದರೂ ಹುಟ್ಟುವಾಗಲೇ ನಿರ್ದೋಷವಾಗಿದ್ದಿತೇ? ಮೊದಲು ಮಾಡಿದ ಕೆಲವು ಗಿಟಾರುಗಳ ಕುತ್ತಿಗೆಯೊಳಗೆ ಉಕ್ಕಿನ ಸರಳಿರಲಿಲ್ಲ. ತಂತಿಗಳ ಎಳೆತಕ್ಕೆ ಅವು ಬಾಗಲು ಸರಳನ್ನು ಸೇರಿಸಬೇಕಾಯಿತು. ೧೯೫೪ರ ಸ್ಟ್ರಾಟೋಕಾಸ್ಟರಿನಲ್ಲಿ ಮೂರು ಪಿಕಪ್ಪುಗಳಿದ್ದು, ಅವುಗಳನ್ನು ಆರಿಸುವ ಸ್ವಿಚ್ಚಿಗೆ ಮೂರೇ ಸ್ಥಾನಗಳಿದ್ದುವು. ವಾದಕರು ಅದನ್ನು ಎರಡು ಸ್ಥಾನಗಳ ನಡುವೆ ಉಪಾಯದಿಂದ ನಿಲ್ಲಿಸಿ ಹೊಸ ನಾದವನ್ನು ಪಡೆದರು. ಕಟ್ಟಕಡೆಗೆ ೧೯೭೭ರಲ್ಲಿ ಸಂಸ್ಥೆಯವರೇ ಐದು ಸ್ಥಾನಗಳ ಸ್ವಿಚ್ಚನ್ನು ಇಟ್ಟರು. ಶಿಲ್ಪಿಗೆ ವಾದಕನು ಪಾಠ ಹೇಳಿದ ಪ್ರಸಂಗವಿದು.

ಬಡತನದಿಂದಲೇ ಹುಟ್ಟಿದ ಹಿರಿಯ ವಾದ್ಯಗಳೂ ಉಂಟು. ಇಂಗ್ಲೆಂಡಿನ ಬ್ರಯಾನ್ ಮೇ ಎಂಬ ಹುಡುಗನಿಗೆ ಬಯಸಿದ ಗಿಟಾರನ್ನು ಕೊಳ್ಳುವ ಅನುಕೂಲವಿರಲಿಲ್ಲ. ವಿದ್ಯುತ್ತಿನ ಕೆಲಸ ಬಲ್ಲ ತಂದೆಯೂ ಮಗನೂ ೧೯೬೩ರಲ್ಲಿ ಮನೆಯಲ್ಲಿಯೇ ಕೆಲಸಕ್ಕೆ ತೊಡಗಿದರು. ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಕುತ್ತಿಗೆಯಾಯಿತು. ಹಳೆಯ ಮೋಟಾರು ಸೈಕಲಿನ ಸ್ಪ್ರಿಂಗುಗಳು ತಂತಿಯ ಎಳೆತವನ್ನು ಹೊತ್ತುವು. ಆ ಹುಡುಗನು ಮುಂದೆ ಕ್ವೀನ್ ಎಂಬ ವಾದ್ಯವೃಂದದಲ್ಲಿ ಜಗತ್ಪ್ರಸಿದ್ಧನಾದನು. ೨೦೦೨ರಲ್ಲಿ ರಾಣಿಯ ಅರಮನೆಯ ಮಾಳಿಗೆಯ ಮೇಲೆ ನಿಂತು ಅವನು ನುಡಿಸಿದುದು ಆ ಮನೆಯ ವಾದ್ಯವನ್ನೇ. ತಂದೆಯು ಮಗನಿಗೆ ಕೊಟ್ಟುದು ಹಣವಲ್ಲ, ತನ್ನ ಸಾಯಂಕಾಲಗಳು ಎಂಬುದನ್ನು ಗೃಹಸ್ಥರು ಮನಸ್ಸಿನಲ್ಲಿಡತಕ್ಕದ್ದು.

ಇಂಥ ಕೈಗೆಲಸವು ದೂರದ ದೇಶಗಳ ಸೊತ್ತಷ್ಟೇ ಅಲ್ಲ. ಹುಬ್ಬಳ್ಳಿ ಧಾರವಾಡಗಳ ಗವಾಯಿಗಳಿಗೆ ತಂಬೂರಿಗಳನ್ನು ಒದಗಿಸುತ್ತ ಬಂದ ಮೀರಜಿನ ಕುಶಲಿಗಳ ಪೂರ್ವಜರು ಆಯುಧಗಳನ್ನು ಸಾಣೆ ಹಿಡಿಯುವ ಶಿಕಲಗಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿಗಳಿಗೆ ಕೆಲಸವಿಲ್ಲದಾಗಲು ಅವರು ಕೈಯನ್ನು ಸೋರೆಬುರುಡೆಗೆ ತಿರುಗಿಸಿದರು. ಬೆಂಗಳೂರಿನಲ್ಲಿ ರ‍್ಯಾಡೆಲ್ ಸಂಸ್ಥೆಯ ಜಿ. ರಾಜ್‌ನಾರಾಯಣ್ ಅವರು ೧೯೭೦ರ ದಶಕದ ಕೊನೆಯಲ್ಲಿ ವಿದ್ಯುತ್ತಿನ ತಂಬೂರಿಯನ್ನು ನಿರ್ಮಿಸಲು, ತಂಬೂರಿ ಹಿಡಿಯುವವರಿಲ್ಲದ ಮನೆಯಲ್ಲಿಯೂ ಶ್ರುತಿಯು ನಿಂತಿತು. ಕಾಲಕ್ಕೆ ತಕ್ಕಂತೆ ವಾದ್ಯವನ್ನು ತಿದ್ದುವುದು ಈ ನಾಡಿನ ಪರಂಪರೆಯೇ ಆಗಿದೆ.

ಇಷ್ಟು ಚರಿತ್ರೆಯನ್ನು ಹೇಳಿದುದು ಎರಡನೆಯ ಆಕ್ಷೇಪವನ್ನು ಪರೀಕ್ಷಿಸುವುದಕ್ಕಾಗಿ. ಆಮದಿನ ನಿರ್ಬಂಧಗಳಿದ್ದ ಕಾಲದಲ್ಲಿ ಪರದೇಶದ ಗಿಟಾರು ಭಾರತದಲ್ಲಿ ದುರ್ಲಭವಾಗಿದ್ದಿತು. ೧೯೯೧ರ ಆರ್ಥಿಕ ಸುಧಾರಣೆಗಳ ತರುವಾಯ ಬಾಗಿಲು ತೆರೆಯಿತು. ಇಂದು ಇಂಡೋನೇಷ್ಯ ಮತ್ತು ಚೀಣ ದೇಶಗಳಲ್ಲಿ ತಯಾರಾದ ಯಮಾಹಾ, ಸ್ಕ್ವಾಯರ್, ಐಬನೇಜ್, ಕೋರ್ಟ್ ಮೊದಲಾದ ಹೆಸರಿನ ಗಿಟಾರುಗಳು ಸಾಮಾನ್ಯ ಗೃಹಸ್ಥನು ಯೋಚಿಸಬಹುದಾದ ಬೆಲೆಗೆ ದೊರೆಯುತ್ತಿವೆ. ಯಂತ್ರದಿಂದ ಕೊರೆದ ಮರದಲ್ಲಿ ಮೆಟ್ಟುಗಳ ಸ್ಥಾನವು ಬಹುಮಟ್ಟಿಗೆ ಸರಿಯಾಗಿಯೇ ಇರುವುದು. ಅಗ್ಗದ ವಾದ್ಯದಲ್ಲಿ ಕಡಮೆಯಾಗಿರುವುದು ಮರವಲ್ಲ. ಕಡೆಯ ಹದಗೊಳಿಸುವಿಕೆಗೆ ಕೊಡಬೇಕಾದ ಮನುಷ್ಯನ ಕೈಯ ಹೊತ್ತು. ಆ ಹೊತ್ತನ್ನು ಕೊಂಡವನು ಕೊಡಬಲ್ಲನಾದರೆ ವಾದ್ಯವು ಅರ್ಧ ಸುಧಾರಿಸಿದಂತೆಯೇ ಸರಿ.

ಕೊಳ್ಳುವಾಗ ನೋಡತಕ್ಕ ಸಂಗತಿಗಳು ಕೆಲವೇ. ಮೊದಲು ಕುತ್ತಿಗೆಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಬೇಕು. ಅಲ್ಪವಾದ ಬಾಗನ್ನು ಒಳಗಿನ ಸರಳಿನಿಂದ ತಿದ್ದಬಹುದು. ತಿರುಚಿದ ಕುತ್ತಿಗೆಯನ್ನು ತಿದ್ದಲಾಗದು. ಆಮೇಲೆ ಒಂದೊಂದು ತಂತಿಯನ್ನೂ ಎಲ್ಲ ಮೆಟ್ಟುಗಳ ಮೇಲೂ ಒತ್ತಿ ನುಡಿಸಿ, ಎಲ್ಲಿಯಾದರೂ ಝೇಂಕರಿಸುವುದೋ ಸತ್ತಂತಾಗುವುದೋ ಎಂದು ಕೇಳಬೇಕು. ಮೂರನೆಯ ಪರೀಕ್ಷೆ ಸ್ವರದ್ದು. ರಾಮಾಮಾತ್ಯನು ಸ್ವಯಂಭೂ ಸ್ವರಗಳೆಂದು ಹೇಳಿದುದನ್ನು ಈಚಿನ ಪಂಡಿತರು ತಂತಿಯಲ್ಲಿ ತಾನಾಗಿ ಹುಟ್ಟುವ ಅಂಶಸ್ವರಗಳೆಂದು ಅರ್ಥೈಸುವರು. ಹನ್ನೆರಡನೆಯ ಮೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ ಬೆರಳಿನಿಂದ ಮುಟ್ಟಿ ಮೀಟಿದರೆ ಅಂಥ ಸ್ವರವೊಂದು ಕೇಳಿಬರುವುದು. ಅದೇ ಮೆಟ್ಟನ್ನು ಒತ್ತಿ ಮೀಟಿದ ಸ್ವರವೂ ಅದಕ್ಕೆ ಸಮನಾಗಿರಬೇಕು. ಒತ್ತಿದ ಸ್ವರವು ಏರಿದ್ದರೆ ಆ ತಂತಿಯ ಕುದುರೆಯನ್ನು ಹಿಂದಕ್ಕೂ, ಇಳಿದಿದ್ದರೆ ಮುಂದಕ್ಕೂ ಸರಿಸಬೇಕು. ಒಂದು ಸ್ಕ್ರೂವಿನ ಕೆಲಸ, ಕಾಸಿನ ಖರ್ಚಿಲ್ಲ. ಹಿಂದೆ ಹೇಳಿದ ಎರಡು ಮಿಲಿಮೀಟರಿನ ಮಹಿಮೆಯು ಇಲ್ಲಿ ಪ್ರತ್ಯಕ್ಷವಾಗುವುದು.

ಸುಧಾರಣೆಗೂ ಒಂದು ಕ್ರಮವುಂಟು. ಮೊಟ್ಟಮೊದಲು ಹೊಸ ತಂತಿಗಳು. ಅಂಗಡಿಯಲ್ಲಿ ತಿಂಗಳುಗಟ್ಟಲೆ ತುಕ್ಕು ಹಿಡಿದ ತಂತಿಯಲ್ಲಿ ಯಾವ ಸ್ವರವೂ ನಿಲ್ಲದು. ಬಳಿಕ ತಂತಿಯ ಎತ್ತರ. ಹನ್ನೆರಡನೆಯ ಮೆಟ್ಟಿನ ಮೇಲೆ ಒಂದೂವರೆಯಿಂದ ಎರಡು ಮಿಲಿಮೀಟರು ಸಾಮಾನ್ಯವಾಗಿ ಸಾಕು. ಹಿರೇಕೆರೂರಿನ ಕಡೆಯಂತೆ ಮಳೆಗಾಲದ ತೇವವೂ ಬೇಸಗೆಯ ಒಣಹವೆಯೂ ಕಾಣುವ ಸೀಮೆಯಲ್ಲಿ ಮರವು ಹಿಗ್ಗಿ ಕುಗ್ಗುವುದು ಸಹಜ. ಆದುದರಿಂದ ವರ್ಷಕ್ಕೆ ಎರಡು ಸಾರಿಯಾದರೂ ಕುತ್ತಿಗೆಯನ್ನು ಪರೀಕ್ಷಿಸಬೇಕು. ಮೂರನೆಯದು ತಂತಿಗಳು ಬಿರಡೆಗಳ ಕಡೆಗೆ ಹಾದುಹೋಗುವ ಮೇರುವಿನ ಗೀರುಗಳು. ಅಲ್ಲಿ ತಂತಿ ಸಿಕ್ಕಿಕೊಂಡರೆ ಶ್ರುತಿಯು ನಿಲ್ಲುವುದಿಲ್ಲ. ಬಹು ಜನರು ಬಿರಡೆಯನ್ನು ದೂರಿ ಹೊಸ ಬಿರಡೆಗಳನ್ನು ತರಿಸುವರು. ಅಪರಾಧಿಯು ಎಷ್ಟೋ ಸಾರಿ ಮೇರುವೇ. ಇದನ್ನು ತಿದ್ದಿದ ಮೇಲೂ ಶ್ರುತಿ ಇಳಿದರೆ ಆಗ ಬಿರಡೆಗಳನ್ನು ಬದಲಿಸಬಹುದು.

ಪಿಕಪ್ಪಿಗೆ ಕೈ ಹಾಕುವುದು ಇವೆಲ್ಲ ಆದ ತರುವಾಯ. ಒಂಟಿ ಸುರುಳಿಯ ಪಿಕಪ್ಪು ಮನೆಯ ವಿದ್ಯುತ್ತಿನ ಝೇಂಕಾರವನ್ನೂ ಹಿಡಿದುಕೊಳ್ಳುವುದು. ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎಂಬವನು ೧೯೫೫ರಲ್ಲಿ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಕೂಡಿಸಿ ಆ ಝೇಂಕಾರವು ತಾನೇ ಅಳಿಯುವಂತೆ ಮಾಡಿದನು. ಇದು ಹಂಬಕರ್ ಎಂದು ಪ್ರಸಿದ್ಧವಾಯಿತು. ಒಂಟಿ ಸುರುಳಿಯ ವಾದ್ಯವಿದ್ದವರು ಒಳಗಿನ ಗೂಡಿಗೆ ತಾಮ್ರದ ತೆಳುಹಾಳೆಯನ್ನು ಹಚ್ಚಿ ಭೂತಂತಿಗೆ ಜೋಡಿಸಿದರೆ ಗದ್ದಲವು ಸ್ವಲ್ಪಮಟ್ಟಿಗೆ ತಗ್ಗುವುದು. ಹೊಸ ಪಿಕಪ್ಪನ್ನು ತರುವುದಕ್ಕೆ ಮುಂಚೆ ಆಂಪ್ಲಿಫೈಯರನ್ನು ವಿಚಾರಿಸುವುದು ವಿವೇಕ. ಕಿನ್ನರಿಗೆ ಬುರುಡೆಯು ಹೇಗೋ ಈ ವಾದ್ಯಕ್ಕೆ ಆಂಪ್ಲಿಫೈಯರು ಹಾಗೆ. ಒಡೆದ ಬುರುಡೆಯ ಮೇಲೆ ಬೆಳ್ಳಿಯ ತಂತಿಯನ್ನು ಬಿಗಿದು ಫಲವೇನು?

ಗಮಕದ ವಿಷಯದಲ್ಲಿ ಶಾಸ್ತ್ರಜ್ಞರಿಗೆ ಇರುವ ಶಂಕೆಯು ನ್ಯಾಯವಾದುದೇ. ಹನ್ನೆರಡು ಸಮಭಾಗಗಳ ಮೆಟ್ಟಿನ ಮೇಲೆ ರಾಗದ ಸೂಕ್ಷ್ಮಸ್ಥಾನಗಳು ಸಿಕ್ಕುವುದೆಂತು? ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನೇರಿಸುವ ವೀಣೆಯ ವಿದ್ಯೆಯೇ ಇದಕ್ಕೆ ಉತ್ತರ. ಆಂಧ್ರದ ಯು. ಶ್ರೀನಿವಾಸರು ಎಂಟು ತಂತಿಗಳ ಮ್ಯಾಂಡೊಲಿನನ್ನು ಐದು ಒಂಟಿ ತಂತಿಗಳ ವಿದ್ಯುತ್ ವಾದ್ಯವಾಗಿ ತಿದ್ದಿಕೊಂಡು, ಅದರ ಮೇಲೆ ಕರ್ನಾಟಕ ಸಂಗೀತದ ಗಮಕಗಳನ್ನು ವಿದ್ವಾಂಸರು ಮೆಚ್ಚುವಂತೆ ನುಡಿಸಿ ತೋರಿಸಿದರು. ಗಿಟಾರಿನ ತೆಳುವಾದ ತಂತಿಗಳೂ ಎಳೆತಕ್ಕೆ ಒಗ್ಗುವುವೇ. ವಾದ್ಯದ ಮೇರೆಯನ್ನು ಬೆರಳು ದಾಟಬಲ್ಲುದು. ಬೆರಳಿಗೆ ಮೊದಲು ಕಿವಿ ತಯಾರಾಗಿರಬೇಕು.

ಈ ವಿವರಗಳಲ್ಲೆಲ್ಲ ಮುಖ್ಯವಾದುದು ಒಂದು ಉಂಟು. ಹದಗೊಳ್ಳದ ವಾದ್ಯವನ್ನು ಹಿಡಿದ ಬಾಲಕನು ಬೆರಳು ನೋಯಿಸಿಕೊಂಡು ತಿಂಗಳೆರಡು ತಿಂಗಳು ಸಾಧನೆ ಮಾಡುವನು. ಸ್ವರವು ಕೂಡದು. ದೋಷವು ಮೇರುವಿನ ಗೀರಿನಲ್ಲಿದೆಯೆಂದು ಅವನಿಗೆ ತಿಳಿಯದು, ಮನೆಯವರಿಗೂ ತಿಳಿಯದು. ತನಗೆ ವಿದ್ಯೆಯು ಹತ್ತದೆಂದು ಅವನು ನಿಶ್ಚಯಿಸುವನು. ಹೌದೆಂದು ಹಿರಿಯರು ತಲೆದೂಗುವರು. ವಾದ್ಯವು ಮೂಲೆಗೆ ಸೇರುವುದು. ಅದರೊಡನೆ ಆ ಮಗುವಿನ ಆತ್ಮವಿಶ್ವಾಸವೂ ಸೇರುವುದು. ಇಲ್ಲಿ ನಷ್ಟವಾದುದು ಗಿಟಾರಿನ ಬೆಲೆಯಷ್ಟೇ ಅಲ್ಲ.

ಅಬಲೂರಿನ ನೆರೆಯ ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದವರು. ಅದೇ ತಾಲೂಕಿನ ದೇವಗಿರಿಯಲ್ಲಿ ೧೯೧೪ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳೂ ಹಾಗೆಯೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇವರು ಅಂಧರಿಗೂ ಅನಾಥರಿಗೂ ಅನ್ನವನ್ನಿಕ್ಕಿ ಸಂಗೀತವನ್ನು ಕಲಿಸಿದರು. ವಾದ್ಯದ ಬೆಲೆಯನ್ನು ಕೇಳಿ ಶಿಷ್ಯನನ್ನು ಅಳೆದಿದ್ದರೆ ಕನ್ನಡ ನಾಡಿನ ಎಷ್ಟೋ ಕಂಠಗಳೂ ಎಷ್ಟೋ ಕೈಗಳೂ ಮೂಕವಾಗಿಯೇ ಉಳಿಯುತ್ತಿದ್ದುವು. ಆದುದರಿಂದ ಮನೆಯ ಹಿರಿಯರು ಮಗುವಿಗೆ ಗಿಟಾರನ್ನು ಕೊಡಿಸುವಾಗ ಅದರ ಮೇಲಿನ ಹೆಸರಿಗಿಂತ ಅದರ ಕುತ್ತಿಗೆಯನ್ನು ನೋಡಲಿ. ಮೊದಲ ವರ್ಷದಲ್ಲಿಯೇ ದುಬಾರಿ ವಾದ್ಯಕ್ಕೆ ಸಾಲ ಮಾಡುವುದಕ್ಕೆ ಬದಲಾಗಿ ಒಂದು ಸ್ಕ್ರೂಡ್ರೈವರನ್ನೂ ಒಂದು ಜೊತೆ ತಂತಿಯನ್ನೂ ಕೊಂಡು ತರಲಿ. ಸ್ವರವು ಕೂಡದ ದಿನ ಮಗುವನ್ನು ಗದರುವುದಕ್ಕೆ ಮೊದಲು ವಾದ್ಯವನ್ನು ಕೈಗೆ ತೆಗೆದುಕೊಂಡು ಹನ್ನೆರಡನೆಯ ಮೆಟ್ಟನ್ನು ಪರೀಕ್ಷಿಸಲಿ.